ತಲೆ, ಪಿನ್ನು, ಒಡಲು: ರೇಡಿಯೇಟರಿನ ಥರ್ಮೋಸ್ಟಾಟ್ ವಾಲ್ವ್ ಕೂರಿಸುವ ಮತ್ತು ಸರಿಪಡಿಸುವ ಬಗೆ

(ಬ್ರಿಟನ್ನಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗಾಗಿ, ಚಳಿಗಾಲಕ್ಕೆ ಮುಂಚೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಊರಿನಲ್ಲಿ ನಾವು ನೀರು ಕಾಯಿಸುತ್ತೇವೆ, ಮನೆ ಕಾಯಿಸುವುದಿಲ್ಲ. ಮಡಿಕೇರಿಯಂಥ ಚಳಿಯ ಊರಿನಲ್ಲೂ ಕೋಣೆ ಕೋಣೆಗೆ ಬಿಸಿನೀರಿನ ಪೈಪು ಎಳೆಯುವ ರೂಢಿಯಿಲ್ಲ. ಹಾಗಾಗಿ ಇಲ್ಲಿ ಮನೆ ಹಿಡಿದಾಗ, ಗೋಡೆಗೆ ಹಾಕಿದ, ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಮೂಲೆಯಲ್ಲಿ 1ರಿಂದ 5ರವರೆಗೆ ಅಂಕಿ ಇರುವ ಬಿಳಿ ಗುಂಡಿ ಕಂಡರೆ ಅದನ್ನು ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ ಎಂದುಕೊಂಡುಬಿಡುತ್ತೇವೆ: 1 ಅಂದರೆ ಮೆಲ್ಲಗೆ, 5 ಅಂದರೆ ಜೋರು. ಬರುವ ತೊಂದರೆಗಳಲ್ಲಿ ಎಷ್ಟೋ ಇಲ್ಲಿಂದಲೇ ಶುರುವಾಗುತ್ತವೆ.

ಆ ಅಂಕಿಗಳು ಕೋಣೆಯ ಗಾಳಿ ಎಷ್ಟು ಬೆಚ್ಚಗಿರಬೇಕು ಎಂಬುದರ ಗುರುತುಗಳು. ಹಿಮದ ಹರಳಿನ ಚಿತ್ರವಿದ್ದರೆ ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್, 1ಕ್ಕೆ 12, 2ಕ್ಕೆ 16, 3ಕ್ಕೆ 20, 4ಕ್ಕೆ 24, 5ಕ್ಕೆ 28. ಕಂಪನಿಯಿಂದ ಕಂಪನಿಗೆ ಒಂದೆರಡು ಡಿಗ್ರಿ ಆಚೀಚೆ ಆಗಬಹುದು. ಹೊರಗಿನಿಂದ ನಡುಗುತ್ತಾ ಬಂದು 3ರಲ್ಲಿದ್ದ ಗುಂಡಿಯನ್ನು 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬೆಚ್ಚಗಾಗುವುದಿಲ್ಲ. 12 ಡಿಗ್ರಿಯ ಕೋಣೆಯಲ್ಲಿ 3ರಲ್ಲೂ ವಾಲ್ವ್ ಪೂರ್ತಿ ತೆರೆದೇ ಇರುತ್ತದೆ. 5ಕ್ಕೆ ತಿರುಗಿಸಿದಾಗ ಆಗುವುದು ಇಷ್ಟೇ: 20 ಡಿಗ್ರಿಗೆ ನಿಲ್ಲಬೇಕಾದದ್ದು ನಿಲ್ಲದೆ 28ರ ಕಡೆಗೆ ಹೋಗುತ್ತದೆ, ಆಮೇಲೆ ಸೆಕೆ ಎಂದು ಕಿಟಕಿ ತೆರೆಯುತ್ತೇವೆ. ಕಿಟಕಿಯಿಂದ ಇಳಿದ ತಣ್ಣನೆ ಗಾಳಿ ನೇರ ಗುಂಡಿಯ ಮೇಲೆ ಬಿದ್ದು ವಾಲ್ವ್ ಮತ್ತಷ್ಟು ತೆರೆದುಕೊಳ್ಳುತ್ತದೆ. ಗಾಳಿಯಾಡಲು ಕಿಟಕಿ ತೆಗೆಯುವುದಿದ್ದರೆ ಮೊದಲು ಗುಂಡಿಯನ್ನು ಹಿಮದ ಗುರುತಿಗೆ ತಿರುಗಿಸಿ, ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದು, ಮುಚ್ಚಿದ ಮೇಲೆ ಮೊದಲಿನ ಅಂಕಿಗೆ ತನ್ನಿ.

ಈ ವಾಲ್ವನ್ನು ಇಲ್ಲಿ ಎಲ್ಲರೂ ಟಿಆರ್‌ವಿ (ಥರ್ಮೋಸ್ಟಾಟಿಕ್ ರೇಡಿಯೇಟರ್ ವಾಲ್ವ್) ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿಯ ಸ್ಥಾಪಕ ಮ್ಯಾಡ್ಸ್ ಕ್ಲೌಸೆನ್ 1943ರಲ್ಲಿ ಇದನ್ನು ರೂಪಿಸಿದರು. ಮೂಲ ಉಪಾಯ ಇಂದಿಗೂ ಅದೇ. ಗುಂಡಿಯೊಳಗೆ, ಅಂದರೆ ವಾಲ್ವಿನ ತಲೆಯೊಳಗೆ, ಮೇಣವೋ ದ್ರವವೋ ಅನಿಲವೋ ತುಂಬಿದ ಪುಟ್ಟ ಡಬ್ಬಿ ಇರುತ್ತದೆ. ಕೋಣೆ ಬೆಚ್ಚಗಾದಂತೆ ಅದು ಹಿಗ್ಗಿ, ಕೆಳಗಿರುವ ತೆಳು ಉಕ್ಕಿನ ಪಿನ್ನನ್ನು ಒತ್ತುತ್ತದೆ. ಪಿನ್ನಿನ ತುದಿಯ ರಬ್ಬರ್ ಬಿಲ್ಲೆ ನೀರಿನ ದಾರಿಯನ್ನು ಮುಚ್ಚುತ್ತಾ ಬರುತ್ತದೆ. ಕೋಣೆ ತಣ್ಣಗಾದರೆ ಡಬ್ಬಿ ಕುಗ್ಗುತ್ತದೆ, ಒಡಲಿನೊಳಗಿನ, ಅಂದರೆ ಪೈಪಿಗೆ ಕೂತಿರುವ ಲೋಹದ ಭಾಗದೊಳಗಿನ, ಸ್ಪ್ರಿಂಗ್ ಪಿನ್ನನ್ನು ಮೇಲೆತ್ತುತ್ತದೆ. ಕರೆಂಟಿಲ್ಲ, ತಂತಿಯಿಲ್ಲ. ಮೇಣದ ತಲೆ ಅಗ್ಗ, ಆದರೆ ನಿಧಾನ. ಅನಿಲದ ತಲೆ ಎಲ್ಲಕ್ಕಿಂತ ಚುರುಕು.

ಪಿನ್ನು ಒಟ್ಟು ಚಲಿಸುವುದೇ ಮೂರು ನಾಲ್ಕು ಮಿಲಿಮೀಟರ್. ಕೋಣೆ ಬೇಕಾದ ಉಷ್ಣತೆಗೆ ಬಂದು ನಿಂತ ಮೇಲೆ ಅದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಷ್ಟು ಚಿಕ್ಕ ಆಟಕ್ಕೆ ಒಂದು ಚೂರು ಸುಣ್ಣದ ಪದರ ಅಡ್ಡ ಬಂದರೂ ಸಾಕು, ಇಡೀ ಕೋಣೆಯ ಲೆಕ್ಕ ತಪ್ಪುತ್ತದೆ. ನೀರೆಲ್ಲ ಒಡಲಿನಲ್ಲಿ, ತಲೆಯಲ್ಲಿ ಒಂದು ಹನಿಯೂ ಇಲ್ಲ. ತಲೆಯನ್ನು ಯಾವಾಗ ಬೇಕಾದರೂ ಬಿಚ್ಚಬಹುದು, ಏನೂ ಸೋರುವುದಿಲ್ಲ. ಇದು ಗೊತ್ತಿಲ್ಲದೆ ತಲೆ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಮನೆಯ ನೀರು ಖಾಲಿ ಮಾಡಿಸಿ ದುಡ್ಡು ಸುರಿದವರಿದ್ದಾರೆ.

ಯಾವ ಕೋಣೆಗೆ, ಎಲ್ಲಿ

ಗೋಡೆಯ ಮೇಲೆ ಥರ್ಮೋಸ್ಟಾಟ್ (ಬೇಕಾದಷ್ಟು ಬೆಚ್ಚಗಾದ ಮೇಲೆ ಬಾಯ್ಲರನ್ನು ನಿಲ್ಲಿಸುವ ಸಾಧನ) ಇರುವ ಕೋಣೆಯ ರೇಡಿಯೇಟರಿಗೆ ಟಿಆರ್‌ವಿ ಬೇಡ. ಇದ್ದರೆ ಅದನ್ನು ಸದಾ 5ರಲ್ಲಿ ತೆರೆದಿಡಿ. ಟಿಆರ್‌ವಿ 19 ಡಿಗ್ರಿಗೆ ಮುಚ್ಚಿಕೊಂಡು, ಗೋಡೆಯ ಥರ್ಮೋಸ್ಟಾಟ್ 21 ಆಗಲಿ ಎಂದು ಕಾಯುತ್ತಿದ್ದರೆ ಬಾಯ್ಲರ್ ನಿಲ್ಲುವುದೇ ಇಲ್ಲ. ರೇಡಿಯೇಟರುಗಳಿಗೆ ನೀರು ತಳ್ಳುವ ಪಂಪಿನ ವಿಚಾರವೂ ಇದೆ. ಎಲ್ಲ ಟಿಆರ್‌ವಿಗಳೂ ಒಟ್ಟಿಗೆ ಮುಚ್ಚಿಕೊಂಡರೆ ಪಂಪು ನೀರನ್ನು ಎಲ್ಲಿಗೆ ತಳ್ಳಬೇಕು? ಒಂದು ರೇಡಿಯೇಟರ್ ಅಥವಾ ಬಚ್ಚಲಮನೆಯ ಟವೆಲ್ ಒಣಗಿಸುವ ಬಿಸಿ ಸರಳು ಸದಾ ತೆರೆದಿರಬೇಕು, ಇಲ್ಲವೇ ಪೈಪಿನ ಜಾಲದಲ್ಲಿ ತಾನಾಗಿ ತೆರೆಯುವ ಬೈಪಾಸ್ ವಾಲ್ವ್ ಇರಬೇಕು. ಇಂಗ್ಲೆಂಡಿನಲ್ಲಿ 2022ರ ಜೂನ್ 15ರಿಂದ ಜಾರಿಯಲ್ಲಿರುವ ಕಟ್ಟಡ ನಿಯಮದ ಎಲ್ ಭಾಗದ ಪ್ರಕಾರ, ಬಾಯ್ಲರ್ ಬದಲಿಸುವಾಗ ಸಾಧ್ಯವಿರುವ ಕಡೆಯೆಲ್ಲ ಕೋಣೆವಾರು ಉಷ್ಣತೆಯ ನಿಯಂತ್ರಣವನ್ನೂ ಕೊಡಬೇಕು. ಹೊಸ ಬಾಯ್ಲರಿಗೆ ಬೆಲೆ ಕೇಳುವಾಗ ಟಿಆರ್‌ವಿಗಳೂ ಅದರಲ್ಲಿ ಸೇರಿವೆಯೇ ಎಂದು ಕೇಳಿಕೊಳ್ಳಿ.

ತಲೆ ಅಳೆಯುವುದು ತನ್ನ ಸುತ್ತಲಿನ ಗಾಳಿಯನ್ನು ಮಾತ್ರ. ದಪ್ಪ ಪರದೆಯ ಹಿಂದೆ, ಸೋಫಾದ ಮರೆಯಲ್ಲಿ, ಮರದ ರೇಡಿಯೇಟರ್ ಪೆಟ್ಟಿಗೆಯೊಳಗೆ ಅದು ಸಿಕ್ಕಿಕೊಂಡರೆ ಅಲ್ಲಿ ನಿಂತ ಬಿಸಿಗಾಳಿಯನ್ನೇ ಕೋಣೆ ಎಂದು ನಂಬಿ ಬೇಗ ಮುಚ್ಚಿಕೊಳ್ಳುತ್ತದೆ. ತಲೆಯನ್ನು ಅಡ್ಡಲಾಗಿ, ಕೋಣೆಯ ಕಡೆಗೆ ಚಾಚಿಕೊಂಡಿರುವಂತೆ ಕೂರಿಸುವುದು ಒಳ್ಳೆಯದು. ನೆಟ್ಟಗೆ ನಿಂತ ತಲೆಗೆ ಕೆಳಗಿನ ಪೈಪಿನ ಬಿಸಿ ಏರುತ್ತದೆ. ಬ್ರಿಟನ್ನಿನಲ್ಲಿ ನೆಟ್ಟಗೆ ಕೂರಿಸಿದವೇ ಹೆಚ್ಚು, ಅದಕ್ಕೆ ಒಪ್ಪುವ ಮಾದರಿಗಳೂ ಇವೆ, ಆದರೆ ಕಂಪನಿಯ ಕಾಗದದಲ್ಲಿ ಹಾಗೆ ಬರೆದಿದೆಯೇ ನೋಡಿಕೊಳ್ಳಿ. ಪೆಟ್ಟಿಗೆ ತೆಗೆಯುವುದು ಸಾಧ್ಯವೇ ಇಲ್ಲದಿದ್ದರೆ, ತೆಳು ನಳಿಗೆಯ ತುದಿಯಲ್ಲಿ ಸಂವೇದಕವನ್ನು ಹೊರಗೆ ಗೋಡೆಗೆ ಕೂರಿಸುವ ತಲೆಗಳು ಸಿಗುತ್ತವೆ.

ಕೊಳ್ಳುವಾಗ ಪೈಪಿನ ಅಳತೆ ತೆಗೆದುಕೊಂಡೇ ಹೋಗಿ. ಸಾಮಾನ್ಯವಾಗಿ 15 ಮಿ.ಮೀ. ತಾಮ್ರ, ಕೆಲವು ಮನೆಗಳಲ್ಲಿ 10 ಅಥವಾ 8 ಮಿ.ಮೀ. ಇರುತ್ತದೆ, ಆಗ ರೆಡ್ಯೂಸರ್ ಬೇಕು. ರೇಡಿಯೇಟರ್ ಕಡೆಯ ಮರೆ (ತಿರುಪಿನ ಸುರುಳಿ ಗೀರು, ಅಂದರೆ ಥ್ರೆಡ್) ಅರ್ಧ ಇಂಚು. ಪೈಪು ನೆಲದಿಂದ ಬಂದರೆ ಮೂಲೆ ವಾಲ್ವ್, ರೇಡಿಯೇಟರಿನ ನೇರಕ್ಕೆ ಬಂದರೆ ನೇರ ವಾಲ್ವ್. ಒಡಲಿನ ಮೇಲೆ ಎರಡೂ ದಿಕ್ಕಿಗೆ ಬಾಣವಿರುವುದನ್ನೇ ಆರಿಸಿ. ಇಎನ್ 215 ಎಂಬ ಯುರೋಪಿನ ಮಾನಕದ ಗುರುತು ಇರಲಿ. ಇನ್ನೊಂದು ತುದಿಯ ಲಾಕ್‌ಶೀಲ್ಡ್ ವಾಲ್ವನ್ನೂ (ನೀರಿನ ಹರಿವನ್ನು ಒಮ್ಮೆ ಹೊಂದಿಸಿ ಬಿಡುವ ವಾಲ್ವ್) ಜೊತೆಗೇ ಬದಲಿಸಿಬಿಡಿ. ನೀರು ಹೇಗೂ ಖಾಲಿಯಾಗಿರುತ್ತದೆ, ಎರಡನೆಯ ಸಲ ಅದೇ ಪಾಡು ಬೇಡ.

ಒಡಲು ಕೂರಿಸುವ ಕೆಲಸ

ಗ್ಯಾಸ್ ಬಾಯ್ಲರಿನ ಮುಚ್ಚಳ ತೆಗೆದು ಒಳಗೆ ಕೈಹಾಕಲು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ (ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿ) ಹೆಸರಿರುವವರೇ ಬೇಕು. ರೇಡಿಯೇಟರ್ ಕಡೆಯ ನೀರಿನ ಕೆಲಸಕ್ಕೆ ಆ ನಿರ್ಬಂಧವಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕೇ ಬೇಕು.

ಬಾಯ್ಲರ್ ಆರಿಸಿ, ಕರೆಂಟ್ ತೆಗೆದು, ಒಂದೆರಡು ಗಂಟೆ ಆರಲು ಬಿಡಿ. ಮನೆಯ ವ್ಯವಸ್ಥೆ ಯಾವುದು ಎಂದು ತಿಳಿಯಿರಿ. ಬಾಯ್ಲರಿನ ಮೇಲೆ ಒತ್ತಡದ ಮುಳ್ಳು ಇದ್ದರೆ ಅದು ಮುಚ್ಚಿದ ವ್ಯವಸ್ಥೆ. ಅಟ್ಟದಲ್ಲಿ ತೇಲುಗುಂಡಿನ ಚಿಕ್ಕ ತೊಟ್ಟಿ ಇದ್ದರೆ ತೆರೆದ ವ್ಯವಸ್ಥೆ. ಆಗ ಆ ತೊಟ್ಟಿಗೆ ನೀರು ಬರುವ ವಾಲ್ವನ್ನು ಮುಚ್ಚಿ, ಇಲ್ಲವೇ ತೇಲುಗುಂಡಿನ ಕೋಲನ್ನು ಮೇಲಕ್ಕೆ ಕಟ್ಟಿ. ಅದನ್ನು ಮರೆತರೆ ಎಷ್ಟು ಹೊತ್ತು ಖಾಲಿ ಮಾಡಿದರೂ ನೀರು ಮುಗಿಯುವುದಿಲ್ಲ. ಮನೆಯ ಅತಿ ಕೆಳಗಿನ ಡ್ರೈನ್ ಕಾಕ್‌ಗೆ (ನೀರು ಖಾಲಿ ಮಾಡುವ ನಲ್ಲಿ) ಹೋಸ್ ಪೈಪು ಸಿಕ್ಕಿಸಿ, ಕ್ಲಿಪ್ ಬಿಗಿದು, ಇನ್ನೊಂದು ತುದಿಯನ್ನು ಕೊಳಚೆ ನೀರಿನ ಗಟಾರಕ್ಕೆ ಬಿಡಿ. ಕಪ್ಪಗಿರುವ ಆ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಬೆರೆತಿರುತ್ತದೆ, ಹೂದೋಟಕ್ಕೂ ಮಳೆನೀರಿನ ಚರಂಡಿಗೂ ಹೋಗಬಾರದು. ಮಹಡಿಯ ರೇಡಿಯೇಟರುಗಳ ಗಾಳಿಕಿಂಡಿ ಮೊದಲು ತೆರೆಯಿರಿ, ಕೆಳಗಿನವು ಆಮೇಲೆ. ಡ್ರೈನ್ ಕಾಕ್ ಹಳೆಯದಾಗಿದ್ದರೆ ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ತಿರುಗಿ ಮುಚ್ಚುವಾಗ ಹನಿಕ್ಕುತ್ತದೆ. ಒಂದು ಬಿಡಿ ವಾಷರ್ ಕೈಯಲ್ಲಿರಲಿ.

ವಾಲ್ವ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ಒಡಲನ್ನು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಿ. ಒಂದೇ ಸ್ಪ್ಯಾನರಿನ ಬಲಕ್ಕೆ ನೆಲದೊಳಗಿನ ಪೈಪೇ ತಿರುಚಿಕೊಂಡು, ಕಣ್ಣಿಗೆ ಕಾಣದ ಕಡೆ ಬೆಸುಗೆ ಬಿಟ್ಟೀತು. ಮೊದಲು ರೇಡಿಯೇಟರ್ ಕಡೆಯ ನಟ್, ಆಮೇಲೆ ಪೈಪಿನ ಕಡೆಯದು. ಅಡಿಯಲ್ಲಿ ತಗ್ಗು ತಟ್ಟೆ, ಹಳೆ ಟವೆಲ್ಲುಗಳು ಇರಲಿ. ವ್ಯವಸ್ಥೆ ಖಾಲಿಯಾದರೂ ರೇಡಿಯೇಟರಿನ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ, ಕಾರ್ಪೆಟ್ಟಿಗೆ ತಗುಲಿದ ಆ ಕರಿ ಸುಲಭಕ್ಕೆ ಹೋಗುವುದಿಲ್ಲ.

ರೇಡಿಯೇಟರಿಗೆ ತಿರುಪುವ ತುಂಡಿಗೆ ಟೇಲ್ ಅನ್ನುತ್ತಾರೆ. ಅದರ ಮರೆಗೆ ಮಾತ್ರ ಪಿಟಿಎಫ್‌ಇ ಟೇಪ್, ಊರಿನ ಪ್ಲಂಬರುಗಳು ಟೆಫ್ಲಾನ್ ಟೇಪ್ ಅನ್ನುವುದು ಇದನ್ನೇ. ಮರೆ ಬಿಗಿಯುವ ದಿಕ್ಕಿನಲ್ಲೇ 10ರಿಂದ 15 ಸುತ್ತು, ಎಳೆದು ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ತಿರುಪುವಾಗ ಟೇಪು ಮಡಿಚಿಕೊಂಡು ಹೊರಬರುತ್ತದೆ. ಪೈಪಿನ ಕಡೆಯ ನಟ್ಟಿನ ಮರೆಗೆ ಟೇಪು ಬೇಡ. ಅಲ್ಲಿ ನೀರು ತಡೆಯುವುದು ಮರೆಯಲ್ಲ, ಆಲಿವ್ ಎಂಬ ಹಿತ್ತಾಳೆ ಅಥವಾ ತಾಮ್ರದ ಉಂಗುರ.

ಆಲಿವ್ ವಿಷಯದಲ್ಲಿ ಅವಸರ ಬೇಡ. ಹಳೆ ಆಲಿವ್ ನುಣುಪಾಗಿದ್ದು, ಹಳೆ ನಟ್ಟಿನ ಮರೆ ಹೊಸ ಒಡಲಿಗೆ ಸರಿಯಾಗಿ ಕೂತರೆ, ತುಸು ಜಾಯಿಂಟಿಂಗ್ ಪೇಸ್ಟ್ ಸವರಿ ಅದನ್ನೇ ಬಳಸಬಹುದು. ಇಲ್ಲದಿದ್ದರೆ ಆಲಿವ್ ಕಳಚುವ ಉಪಕರಣ ಬಳಸಿ, ಅಥವಾ ಸಣ್ಣ ಗರಗಸದಲ್ಲಿ ಓರೆಯಾಗಿ ಮುಕ್ಕಾಲು ಭಾಗ ಕೊಯ್ದು, ಸ್ಕ್ರೂಡ್ರೈವರ್ ತುದಿ ಹಾಕಿ ತಿರುವಿ ಬಿಡಿಸಿ. ಗರಗಸ ಪೈಪಿಗೆ ತಗುಲಿ ಗೀರಾದರೆ ಹೊಸ ಆಲಿವ್ ಆ ಗೀರನ್ನು ಮುಚ್ಚಲಾರದು. ಪೈಪಿನ ಮೇಲಿನ ಬಣ್ಣ ಕೆರೆದು, ಉಕ್ಕಿನ ನಾರಿನಿಂದ ಹೊಳೆಯುವಷ್ಟು ಉಜ್ಜಿ. ನಟ್ ಹಾಕಿ, ಆಲಿವ್ ಹಾಕಿ, ಪೈಪು ಒಡಲಿನೊಳಗಿನ ಅಂಚಿಗೆ ತಾಗುವವರೆಗೂ ಒತ್ತಿ, ಕೈಯಲ್ಲಿ ಆಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತು, ಹೆಚ್ಚೆಂದರೆ ಒಂದೂಕಾಲು. ಇನ್ನೂ ಬಿಗಿದರೆ ತಾಮ್ರ ಒಳಕ್ಕೆ ಹಿಸುಕಿಕೊಂಡು ಸೋರುವುದು ಹೆಚ್ಚುತ್ತದೆ. ಪ್ಲಾಸ್ಟಿಕ್ ಪೈಪಾದರೆ ತುದಿಯೊಳಗೆ ಇನ್ಸರ್ಟ್ (ಪೈಪು ಹಿಸುಕದಂತೆ ಒಳಗಿಡುವ ಗಟ್ಟಿ ಕೊಳವೆ ತುಂಡು) ಹಾಕದೆ ಬಿಗಿಯಲೇಬೇಡಿ. ಎಲ್ಲ ನಟ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಒಡಲು ನೇರವಿದೆಯೇ ನೋಡಿ, ಕೊನೆಗೆ ಬಿಗಿಯಿರಿ.

ನೀರು ತುಂಬುವಾಗ ಡ್ರೈನ್ ಕಾಕ್, ಗಾಳಿಕಿಂಡಿಗಳನ್ನು ಮುಚ್ಚಿ, ಮುಚ್ಚಿದ ವ್ಯವಸ್ಥೆಯಾದರೆ ಫಿಲ್ಲಿಂಗ್ ಲೂಪ್ (ನಲ್ಲಿನೀರನ್ನು ಹೀಟಿಂಗಿನ ಪೈಪಿಗೆ ಬಿಡುವ ಜೋಡಣೆ) ತೆರೆದು, ತಣ್ಣಗಿರುವಾಗ 1ರಿಂದ 1.5 ಬಾರ್ ಒತ್ತಡಕ್ಕೆ ತನ್ನಿ. ಕೆಳಗಿನ ರೇಡಿಯೇಟರಿನಿಂದ ಶುರುಮಾಡಿ ಮೇಲಕ್ಕೆ ಗಾಳಿ ಬಿಡುತ್ತಾ ಹೋಗಿ, ಒತ್ತಡ ಇಳಿದಷ್ಟೂ ತುಂಬಿಸಿ. ಹಳೆ ನೀರಿನೊಂದಿಗೆ ತುಕ್ಕುತಡೆ ದ್ರವವೂ ಹೋಗಿರುತ್ತದೆ. ಲೇಬಲ್ಲಿನ ಪ್ರಮಾಣ ನೋಡಿ ಮತ್ತೆ ಹಾಕಲೇಬೇಕು, 1 ಲೀಟರ್ ಬಾಟಲಿ ಸುಮಾರು 100 ಲೀಟರ್ ನೀರಿಗೆ ಎಂಬುದು ಸಾಮಾನ್ಯ ಲೆಕ್ಕ. ಸೋರಿಕೆ ನೋಡಲು ಬೆರಳು ಸಾಲದು. ಒಣ ಟಿಶ್ಯೂ ಕಾಗದವನ್ನು ಪ್ರತಿ ನಟ್ಟಿನ ಸುತ್ತ ಒತ್ತಿ ತೆಗೆಯಿರಿ, ಕಣ್ಣಿಗೆ ಕಾಣದ ಜಿನುಗು ಅದರಲ್ಲಿ ಚುಕ್ಕಿಯಾಗಿ ಮೂಡುತ್ತದೆ. ತಣ್ಣಗಿರುವಾಗ ಒಮ್ಮೆ, ಬಿಸಿಯಾದಾಗ ಒಮ್ಮೆ, ಮರುದಿನ ಇನ್ನೊಮ್ಮೆ ನೋಡಿ.

ತಲೆ ಹಾಕುವುದು ಎಲ್ಲದರ ಕೊನೆಗೆ. ಹಾಕುವ ಮುಂಚೆ 5ಕ್ಕೆ ತಿರುಗಿಸಿಕೊಳ್ಳಿ. ಆಗ ಡಬ್ಬಿ ಹಿಂದೆ ಸರಿದಿರುತ್ತದೆ, ಪಿನ್ನಿನ ಮೇಲೆ ಒತ್ತಡ ಬೀಳದೆ ತಲೆಯ ಬುಡದ ಉಂಗುರ ನೇರವಾಗಿ ಮರೆ ಹಿಡಿಯುತ್ತದೆ. 1ರಲ್ಲಿಟ್ಟು ಬಲವಂತದಿಂದ ಒತ್ತಿದರೆ ಮರೆ ಓರೆಯಾಗುತ್ತದೆ, ಇಲ್ಲವೇ ತಲೆ ಅರ್ಧಕ್ಕೇ ಕೂತು ರೇಡಿಯೇಟರ್ ಎಂದೂ ಆರುವುದಿಲ್ಲ. ಹೆಚ್ಚಿನ ಕಂಪನಿಗಳ ಉಂಗುರದ ಮರೆ ಎಂ30 × 1.5 ಎಂಬ ಅಳತೆಯದು. ಡ್ಯಾನ್‌ಫಾಸ್‌ನ ಆರ್‌ಎ ಮಾದರಿಗೆ ತನ್ನದೇ ಕ್ಲಿಪ್ ಜೋಡಣೆ.

ಹೊಸ ವಾಲ್ವ್ ಹಾಕಿದ ಮೇಲೆ ಗೋಡೆಯೊಳಗೆ ಸುತ್ತಿಗೆ ಬಡಿದಂತೆ ಸದ್ದು ಬಂದರೆ, ಒಂದೇ ದಿಕ್ಕಿನ ವಾಲ್ವಿಗೆ ನೀರು ಉಲ್ಟಾ ಬರುತ್ತಿದೆ. ಬಿಲ್ಲೆ ಮುಚ್ಚುವ ಹೊತ್ತಿಗೆ ನೀರು ಅದನ್ನು ಹಿಂದಿನಿಂದ ಸೆಳೆದು ಬಡಿಯುತ್ತದೆ. ವಾಲ್ವನ್ನು ರೇಡಿಯೇಟರಿನ ಇನ್ನೊಂದು ತುದಿಗೆ ಹಾಕಬೇಕು, ಅಥವಾ ಎರಡೂ ದಿಕ್ಕಿನದನ್ನು ತರಬೇಕು.

ಬಾಯ್ಲರಿಗೆ ಹತ್ತಿರದ ರೇಡಿಯೇಟರ್ ಸುಡುತ್ತಿದ್ದು ದೂರದ್ದು ಉಗುರುಬೆಚ್ಚಗಿದ್ದರೆ ಅದು ಟಿಆರ್‌ವಿಯ ದೋಷವಲ್ಲ. ಟಿಆರ್‌ವಿಗಳನ್ನೆಲ್ಲ ಪೂರ್ತಿ ತೆರೆದಿಟ್ಟು, ಹತ್ತಿರದವುಗಳ ಲಾಕ್‌ಶೀಲ್ಡನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ಮುಚ್ಚುತ್ತಾ ಸರಿದೂಗಿಸಬೇಕು.

ಪಿನ್ನು ಕಚ್ಚಿಕೊಂಡಾಗ

ಅಕ್ಟೋಬರಿನಲ್ಲಿ ಮೊದಲ ಸಲ ಹೀಟಿಂಗ್ ಹಾಕಿದಾಗ ಬರುವ ದೂರುಗಳಲ್ಲಿ ಇದೇ ಮುಂದು. ಪೈಪು ಬಿಸಿ, ರೇಡಿಯೇಟರ್ ತಣ್ಣಗೆ. ಬೇಸಿಗೆಯಿಡೀ ಕೋಣೆ ಬೆಚ್ಚಗಿದ್ದುದರಿಂದ ತಲೆ ಪಿನ್ನನ್ನು ಒತ್ತಿ ಹಿಡಿದಿತ್ತು, ರಬ್ಬರ್ ಬಿಲ್ಲೆ ತಿಂಗಳುಗಟ್ಟಲೆ ಅಲ್ಲೇ ಅಂಟಿ ಕುಳಿತಿತ್ತು. ಲಂಡನ್ನಿನಂಥ ಗಡಸು ನೀರಿನ ಊರಿನಲ್ಲಿ ಸುಣ್ಣವೂ ಸೇರಿಕೊಳ್ಳುತ್ತದೆ.

5ಕ್ಕೆ ತಿರುಗಿಸಿ ತಲೆ ಬಿಚ್ಚಿ. ನಡುವೆ ಪಿನ್ನು ಕಾಣುತ್ತದೆ. ಸರಿಯಿದ್ದರೆ ಅದು ನಾಲ್ಕೈದು ಮಿಲಿಮೀಟರ್ ಮೇಲೆದ್ದಿದ್ದು, ಒತ್ತಿದರೆ ಇಳಿದು ಬಿಟ್ಟೊಡನೆ ಪುಟಿಯುತ್ತದೆ. ಕಚ್ಚಿಕೊಂಡಿದ್ದರೆ ಮಟ್ಟಸವಾಗಿ ತಗ್ಗಿರುತ್ತದೆ. ಸ್ಪ್ಯಾನರಿನ ಚಪ್ಪಟೆ ಬದಿ ಅಥವಾ ಮರದ ತುಂಡಿನಿಂದ ನೇರ ಕೆಳಕ್ಕೆ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಒಡಲಿನ ಪಕ್ಕಕ್ಕೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಸಿಲಿಕೋನ್ ಲೂಬ್ರಿಕೆಂಟ್ ಒಂದು ಹನಿ ಬಿಡಬಹುದು. ಖನಿಜ ಎಣ್ಣೆ ಬೇಡ, ಅದಕ್ಕೆ ಒಳಗಿನ ರಬ್ಬರ್ ಉಂಗುರ ಉಬ್ಬುತ್ತದೆ. ಇಕ್ಕಳದಲ್ಲಿ ಹಿಡಿದು ಮೇಲೆಳೆಯುವ ಆಸೆಯಾಗುತ್ತದೆ, ದಯವಿಟ್ಟು ಎಳೆಯಬೇಡಿ. ಪಿನ್ನೇ ಕಿತ್ತು ಬಂದರೆ ಆ ರಂಧ್ರದಿಂದ ಬಿಸಿ ಕಪ್ಪುನೀರು ಚಿಮ್ಮುತ್ತದೆ. ತೀರಾ ಅನಿವಾರ್ಯವಾದರೆ ಮೆಲ್ಲಗೆ ಹಿಡಿದು ಎಡಕ್ಕೂ ಬಲಕ್ಕೂ ಚೂರು ತಿರುಗಿಸಿ, ಅಷ್ಟೇ.

ಇದು ಬಾರದಿರಲು ಮಾಡಬೇಕಾದದ್ದು ಸುಲಭ: ಬೇಸಿಗೆಗೆ ಹೀಟಿಂಗ್ ಆರಿಸಿದ ಮೇಲೆ ಎಲ್ಲ ಟಿಆರ್‌ವಿಗಳನ್ನೂ 5ರಲ್ಲಿಡಿ.

ಉಲ್ಟಾ ದೂರೂ ಇದೆ. ಗುಂಡಿ ಎಲ್ಲಿಟ್ಟರೂ ರೇಡಿಯೇಟರ್ ಬಿಸಿ. ತಲೆ ಬಿಚ್ಚಿ ಪಿನ್ನನ್ನು ಕೈಯಲ್ಲೇ ಗಟ್ಟಿಯಾಗಿ ಒತ್ತಿ ಹಿಡಿದರೆ ನೀರು ಹರಿಯುವ ಸದ್ದು ನಿಲ್ಲುತ್ತದೆಯೇ? ನಿಂತರೆ ಒಡಲು ಸರಿಯಿದೆ, ತಲೆಯ ಮೇಣ ಸೋರಿ ಹೋಗಿದೆ, ಹೊಸ ತಲೆ ಸಾಕು. ನಿಲ್ಲದಿದ್ದರೆ ಬಿಲ್ಲೆಯ ಅಡಿಯಲ್ಲಿ ಕಸ ಸಿಕ್ಕಿದೆ ಅಥವಾ ರಬ್ಬರ್ ಸವೆದಿದೆ. ಪಿನ್ನಿನ ಬುಡದಲ್ಲಿ ನೀರು ಜಿನುಗಿ ಹಸಿರು ಕಿಲುಬು ಕಟ್ಟಿದ್ದರೆ ಅಲ್ಲಿನ ಗ್ಲ್ಯಾಂಡ್ (ಪಿನ್ನಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ಹೋಗಿದೆ. ಡ್ಯಾನ್‌ಫಾಸ್‌ನಂಥ ಕೆಲವು ಕಂಪನಿಗಳ ಒಡಲಿನಲ್ಲಿ ಅದನ್ನು ನೀರು ಖಾಲಿ ಮಾಡದೆಯೇ ಬದಲಿಸಬಹುದು, ಅಗ್ಗದವುಗಳಲ್ಲಿ ಇಡೀ ಒಡಲೇ ಹೋಗಬೇಕು.

ಬಣ್ಣ ಬಳಿಯಲು ರೇಡಿಯೇಟರ್ ಇಳಿಸುವಾಗ

ಇದನ್ನು ಒತ್ತಿ ಹೇಳಬೇಕು, ಮನೆ ಕೆಡುವುದು ಇಲ್ಲೇ. ಹಿಮದ ಗುರುತಿಗೆ ತಿರುಗಿಸಿದರೆ ವಾಲ್ವ್ ಮುಚ್ಚಿತು ಎಂದು ನಂಬಿ ರೇಡಿಯೇಟರ್ ಬಿಚ್ಚುತ್ತಾರೆ. ಆ ಹೊತ್ತಿಗೆ ಮುಚ್ಚಿಯೂ ಇರುತ್ತದೆ. ಬಣ್ಣದ ವಾಸನೆ ಹೋಗಲೆಂದು ರಾತ್ರಿ ಕಿಟಕಿ ತೆರೆದು ಮಲಗುತ್ತಾರೆ, ಕೋಣೆ 6 ಡಿಗ್ರಿಗೆ ಇಳಿಯುತ್ತದೆ, ಪೈಪು ಹೆಪ್ಪುಗಟ್ಟದಿರಲಿ ಎಂದು ಟಿಆರ್‌ವಿ ತನ್ನ ಕೆಲಸ ತಾನು ಮಾಡುತ್ತದೆ: ತೆರೆದುಕೊಳ್ಳುತ್ತದೆ. ರೇಡಿಯೇಟರ್ ಇಲ್ಲ, ನೀರೆಲ್ಲ ನೆಲಕ್ಕೆ.

ಹಾಗಾಗಿ ತಲೆಯನ್ನು ತೆಗೆದು, ವಾಲ್ವಿನ ಜೊತೆ ಬಂದ ಡೆಕೊರೇಟರ್ ಕ್ಯಾಪನ್ನು ತಿರುಪಿ ಪಿನ್ನನ್ನು ಪೂರ್ತಿ ಒತ್ತಿಬಿಡಿ. ಪೆಟ್ಟಿಗೆಯಲ್ಲಿ ಬರುವ ಆ ಮುಚ್ಚಳವನ್ನು ಎಸೆಯಬೇಡಿ. ಪಿನ್ನು ಒತ್ತಲೆಂದೇ ಮಾಡಿದ ಕ್ಯಾಪ್ ಅದು ಹೌದೇ ನೋಡಿಕೊಳ್ಳಿ, ಕೆಲವು ಬರೀ ದೂಳಿನ ಮುಚ್ಚಳಗಳು. ಲಾಕ್‌ಶೀಲ್ಡ್ ಮುಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿ ಗೋಡೆಯ ಮೇಲೆ ಬರೆದಿಡಿ, ತಿರುಗಿ ಅಷ್ಟೇ ತೆರೆಯಬೇಕು. ರೇಡಿಯೇಟರ್ ಇಳಿಸಿದ ಮೇಲೆ ವಾಲ್ವಿನ ತೆರೆದ ಬಾಯಿಗೂ ಬಿರಡೆಯ ಕ್ಯಾಪ್ ಬಿಗಿಯಿರಿ. 600 ಮಿ.ಮೀ. ಎತ್ತರ, ಒಂದು ಮೀಟರ್ ಉದ್ದದ ಜೋಡಿಹಲಗೆಯ ರೇಡಿಯೇಟರಿನಲ್ಲಿ ಐದಾರು ಲೀಟರ್ ನೀರಿರುತ್ತದೆ, ಬಕೆಟ್ ಅದಕ್ಕೆ ತಕ್ಕದ್ದಿರಲಿ.

ಸಭಿಕರು ಕೇಳಿದ್ದು

ಸ್ಮಾರ್ಟ್ ತಲೆ ಹಾಕಿದರೆ ಲಾಭವಿದೆಯೇ? ಹೊತ್ತಿಗೊಂದು ಉಷ್ಣತೆ ಬೇಕಾದ ಕೋಣೆಗಳಿಗೆ ಇದೆ. ಒಡಲು ಅದೇ, ಡಬ್ಬಿಯ ಬದಲು ಮೋಟರು ಪಿನ್ನನ್ನು ಒತ್ತುತ್ತದೆ. ಬಿಗಿಯಾದ ಪಿನ್ನಿನ ಮೇಲೆ ಕೂರಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಆದ್ದರಿಂದ ಮೊದಲು ಪಿನ್ನು ಸಡಿಲಿಸಿ. ರೀಚಾರ್ಜ್ ಸೆಲ್ಲುಗಳು 1.2 ವೋಲ್ಟಿನವು, ಬಹಳಷ್ಟು ತಲೆಗಳು ಅವನ್ನು ಮುಗಿದ ಬ್ಯಾಟರಿ ಎಂದೇ ಓದುತ್ತವೆ. ಆಲ್ಕಲೈನ್ ಹಾಕಿ.

ಖಾಲಿ ಕೋಣೆಯನ್ನು ಪೂರ್ತಿ ಮುಚ್ಚಬಹುದೇ? ಬೇಡ. ಅಡುಗೆಮನೆಯ ಹಬೆ, ಒಣಹಾಕಿದ ಬಟ್ಟೆಯ ತೇವ ಆ ತಣ್ಣನೆ ಗೋಡೆಗೆ ಬಂದು ಕೂತು ಕರಿ ಬೂಷ್ಟು ಹಿಡಿಯುತ್ತದೆ. 2ರಲ್ಲಿಟ್ಟು ಬಾಗಿಲು ಮುಚ್ಚಿ.

ಬಾಯ್ಲರಿನ ಬದಲು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ) ಇರುವ ಮನೆಯಲ್ಲಿ? ಅಲ್ಲಿ ನೀರು ಅಷ್ಟು ಬಿಸಿಯಿರುವುದಿಲ್ಲ, ಹರಿವು ಹೆಚ್ಚು ಬೇಕು. ಟಿಆರ್‌ವಿಗಳು ಒಂದೊಂದಾಗಿ ಮುಚ್ಚಿಕೊಂಡರೆ ಹೀಟ್ ಪಂಪು ಪದೇ ಪದೇ ನಿಂತು ಶುರುವಾಗುತ್ತದೆ. ಮುಖ್ಯ ಕೋಣೆಗಳದ್ದನ್ನು ಪೂರ್ತಿ ತೆರೆದಿಟ್ಟು, ಉಷ್ಣತೆಯನ್ನು ಹೀಟ್ ಪಂಪಿನ ನಿಯಂತ್ರಣದಲ್ಲೇ ಹೊಂದಿಸಿ. ಮಲಗುವ ಕೋಣೆಯಲ್ಲಿ ಮಾತ್ರ ಮಿತಿ ಮೀರದಂತೆ ತಡೆಯಲು ಬಳಸಿ.

ಜರ್ಮನಿಗೆ ಹೋಗಿರುವ ಮಗನ ಫ್ಲಾಟಿನಲ್ಲಿ ತಲೆ ಬಿಚ್ಚಿದರೆ ಅಡಿಯಲ್ಲಿ ಇನ್ನೊಂದು ಅಂಕಿಯ ಉಂಗುರ ಕಂಡಿತಂತೆ, ಅದೇನು? ಅದು ಆ ರೇಡಿಯೇಟರಿಗೆ ಹೆಚ್ಚೆಂದರೆ ಎಷ್ಟು ನೀರು ಹೋಗಬೇಕು ಎಂಬ ಮಿತಿ. ಇಲ್ಲಿ ಲಾಕ್‌ಶೀಲ್ಡಿನಲ್ಲಿ ಮಾಡುವುದನ್ನು ಅಲ್ಲಿ ವಾಲ್ವಿನೊಳಗೇ ಮಾಡುತ್ತಾರೆ. ಇಡೀ ಕಟ್ಟಡಕ್ಕೆ ಲೆಕ್ಕ ಹಾಕಿ ಇಟ್ಟ ಅಂಕಿ ಅದು. ಒಬ್ಬರು ಹೆಚ್ಚಿಸಿಕೊಂಡರೆ ಮೇಲಿನ ಮಹಡಿಯವರ ರೇಡಿಯೇಟರ್ ತಣ್ಣಗಾಗುತ್ತದೆ. ತಲೆ ಬದಲಿಸಲಿ, ಆ ಉಂಗುರವನ್ನು ಮುಟ್ಟದಿರಲಿ. ಕೋಣೆ ಬೆಚ್ಚಗಾಗುತ್ತಿಲ್ಲವಾದರೆ ಮೊದಲು ಪಿನ್ನು ಪುಟಿಯುತ್ತಿದೆಯೇ ನೋಡಿ, ಅದು ಸರಿಯಿದ್ದರೆ ಕಟ್ಟಡದ ಆಡಳಿತಕ್ಕೆ ಬರೆಯಲಿ.